ಪ್ಲಾಸ್ಟಿಕ್ ಅಂತ ಆರಿಸಿ ಎಸೆದದ್ದು ಏನು?

ಇವತ್ತು ರಾಜಕೀಯ ಪಕ್ಕಕ್ಕಿಡೋಣ. ಇವತ್ತು ನಿಮಗೆ ಒಂದು ಮೊರದ ಕಥೆ ಹೇಳಬೇಕು. ಆ ಕಥೆಯಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನೂ ಹೇಳ್ತೀನಿ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಓಡಾಡುವವರಿಗೆ ಲಕಮನಹಳ್ಳಿ ಗೊತ್ತಿರುತ್ತೆ. ಧಾರವಾಡ ಇನ್ನೇನು ಬಂತು ಅನ್ನುವಾಗ ಸಿಗುತ್ತೆ. ಹೆಸರಿನಲ್ಲಿ ಹಳ್ಳಿ ಉಳಿದಿದೆ, ಊರು ಮಹಾನಗರ ಪಾಲಿಕೆಗೆ ಸೇರಿದೆ, ಪಕ್ಕದಲ್ಲೇ ಕೈಗಾರಿಕಾ ಪ್ರದೇಶ. ಬೆಳಗ್ಗೆ ಎಂಟು ಗಂಟೆಗೆ ಹೋದರೆ ಬುತ್ತಿ ಹಿಡಿದು ಕೆಲಸಕ್ಕೆ ಹೊರಟ ಗಂಡಸರು, ಹೆಂಗಸರು ಕಾಣುತ್ತಾರೆ. ಅನ್ನಭಾಗ್ಯದ ಬಗ್ಗೆ ಜನ ಏನಂತಾರೆ ಅಂತ ಕೇಳೋಕೆ ನಾವು ಕ್ಯಾಮೆರಾ ಹೊತ್ತು ಅಲ್ಲಿಗೆ ಹೋಗಿದ್ದೆವು. ಅದೇ ಹಳೇ ಪ್ರಶ್ನೆ: ಅಕ್ಕಿ ಸರಿಯಾಗಿ ಬರ್ತಾ ಇದೆಯಾ? ಸಾಕಾಗುತ್ತಾ?

ಒಂದು ಮನೆಯ ಕಟ್ಟೆ ಮೇಲೆ ಐವತ್ತು ದಾಟಿದ ಒಬ್ಬ ತಾಯಿ ಮೊರದಲ್ಲಿ ರೇಷನ್ ಅಕ್ಕಿ ಆರಿಸುತ್ತಾ ಕೂತಿದ್ದರು. ಕಲ್ಲು ಒಂದು ಕಡೆ, ನೆಲ್ಲು ಒಂದು ಕಡೆ. ಮೂರನೆಯದಾಗಿ ಇನ್ನೊಂದು ಸಣ್ಣ ಗುಡ್ಡೆ. ಸ್ವಲ್ಪ ಹಳದಿ ಬಣ್ಣ, ನುಣುಪು, ನೋಡೋಕೆ ಅಕ್ಕಿಯ ಹಾಗೇ ಇರುವ ಕಾಳು. "ಇದೇನಮ್ಮಾ?" ಅಂದೆ.

"ಪ್ಲಾಸ್ಟಿಕ್ ರೀ ಸರ. ರೇಷನ್ ಅಕ್ಕ್ಯಾಗ ಕಲಿಸಿ ಕೊಡಾಕತ್ತಾರ. ಟೀವ್ಯಾಗ ನೀವ ತೋರಿಸಿದ್ರಲ್ಲ?"

ಒಳಗೆ ಬಾಗಿಲ ಹತ್ತಿರ ಅವರ ಸೊಸೆ ನಿಂತಿದ್ದಳು. ಏಳು ತಿಂಗಳ ಬಸುರಿ. ಮುಖ ಬಿಳುಚಿತ್ತು. ತಾಯಿ ಕಾರ್ಡ್ ತೋರಿಸಿದರು. ಹಿಮೋಗ್ಲೋಬಿನ್ ಎಂಟರ ಆಸುಪಾಸು. ಗರ್ಭಿಣಿಗೆ ಅದು ಕನಿಷ್ಠ ಹನ್ನೊಂದು ಇರಬೇಕು. "ರಕ್ತ ಕಮ್ಮಿ ಐತಿ ಅಂತ ಡಾಕ್ಟರ್ ಅಂದಾರ್ರೀ," ಅಂದರು ಅತ್ತೆ. ಅನ್ನುತ್ತಾ ಆ ಹಳದಿ ಕಾಳನ್ನು ಚರಂಡಿಗೆ ಚೆಲ್ಲಿದರು.

ವೀಕ್ಷಕರೇ, ಅವರು ಚೆಲ್ಲಿದ್ದು ಕಬ್ಬಿಣಾಂಶವನ್ನು. ಸೊಸೆಯ ರಕ್ತಕ್ಕೆ ಬೇಕಾಗಿದ್ದ ಅದೇ ಕಬ್ಬಿಣಾಂಶ.

ಆ ಕಾಳು ಏನು ಅಂತ ಬಿಡಿಸಿ ಹೇಳ್ತೀನಿ. ಅದಕ್ಕೆ ಸಾರವರ್ಧಿತ ಅಕ್ಕಿ ಕಾಳು ಅಂತಾರೆ. ಅಕ್ಕಿಯನ್ನು ಹಿಟ್ಟು ಮಾಡಿ, ಅದಕ್ಕೆ ಕಬ್ಬಿಣಾಂಶ, ಫೋಲಿಕ್ ಆ್ಯಸಿಡ್ ಮತ್ತು ಬಿ12 ವಿಟಮಿನ್ ಬೆರೆಸಿ, ಶಾವಿಗೆ ಒತ್ತುವ ಹಾಗೆ ಯಂತ್ರದಲ್ಲಿ ಒತ್ತಿ, ಮತ್ತೆ ಅಕ್ಕಿ ಆಕಾರಕ್ಕೆ ಕತ್ತರಿಸುತ್ತಾರೆ. ನೂರು ಕೆಜಿ ಮಾಮೂಲಿ ಅಕ್ಕಿಗೆ ಇದನ್ನು ಒಂದು ಕೆಜಿ ಲೆಕ್ಕದಲ್ಲಿ ಬೆರೆಸುತ್ತಾರೆ. ಅಂದರೆ ನಿಮ್ಮ ಐದು ಕೆಜಿ ಚೀಲದಲ್ಲಿ ಐವತ್ತು ಗ್ರಾಂ, ಹೆಚ್ಚು ಕಡಿಮೆ ಒಂದು ಹಿಡಿ. ಸೇರಿಸಿದ ಸತ್ವವೆಲ್ಲ ಆ ಒಂದು ಹಿಡಿಯಲ್ಲೇ ಇರುತ್ತೆ. ಅದನ್ನು ಆರಿಸಿ ಎಸೆದರೆ ಉಳಿಯೋದು ಮಾಮೂಲಿ ಅಕ್ಕಿ ಅಷ್ಟೇ.

2021ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಿಂದ ಇದನ್ನು ಘೋಷಿಸಿದರು. ಮೊದಲು ಅಂಗನವಾಡಿ, ಶಾಲೆಯ ಬಿಸಿಯೂಟ. ಆಮೇಲೆ ಹಂತ ಹಂತವಾಗಿ ಪಡಿತರ ಅಂಗಡಿ. ಎಲ್ಲ ಕಡೆ ತಲುಪಿಸೋಕೆ ಇಟ್ಟುಕೊಂಡ ಗಡುವು 2024ರ ಮಾರ್ಚ್.

ಹಾಗಾದರೆ ಕೆಲವು ಕಾಳು ನೀರಿನಲ್ಲಿ ತೇಲೋದು ಯಾಕೆ? ಹಿಟ್ಟಿನಿಂದ ಒತ್ತಿ ಮಾಡಿದ ಕಾಳು ಗದ್ದೆಯಲ್ಲಿ ಬೆಳೆದ ಕಾಳಿನಷ್ಟು ಗಟ್ಟಿ ಇರೋದಿಲ್ಲ. ಬಣ್ಣ ಬೇರೆ ಯಾಕೆ? ಬೆರೆಸಿದ ಪೋಷಕಾಂಶಗಳಿಂದ. ಅನ್ನದ ಉಂಡೆ ಚೆಂಡಿನ ಹಾಗೆ ಪುಟಿಯುತ್ತಲ್ಲ ಅಂತೀರಾ? ಯಾವ ಅನ್ನವನ್ನಾದರೂ ಬಿಗಿಯಾಗಿ ಉಂಡೆ ಕಟ್ಟಿ ನೋಡಿ, ಪುಟಿಯುತ್ತೆ. ಅದು ಪಿಷ್ಟದ ಗುಣ. ಬೆಂಕಿಗೆ ಹಿಡಿದು ನೋಡಿ. ಪ್ಲಾಸ್ಟಿಕ್ ಆದರೆ ಕರಗಿ ತೊಟ್ಟಿಕ್ಕುತ್ತೆ, ಕೆಟ್ಟ ವಾಸನೆ ಬರುತ್ತೆ. ಈ ಕಾಳು ಅಕ್ಕಿಯ ಹಾಗೇ ಸುಟ್ಟು ಕರಕಲಾಗುತ್ತೆ.

ಇವೆಲ್ಲಕ್ಕಿಂತ ಒಳ್ಳೇ ಉತ್ತರ ಕೊಟ್ಟಿದ್ದು ಅದೇ ಓಣಿಯ ಒಬ್ಬ ಹುಡುಗ. ಪ್ಲಾಸ್ಟಿಕ್ ಸಾಮಾನು ಮಾಡುವ ಕಾರ್ಖಾನೆಯಲ್ಲಿ ಕೆಲಸ ಅವನಿಗೆ. "ಸರ, ನಮ್ಮ ಫ್ಯಾಕ್ಟರ್ಯಾಗ ಬರೋ ಪ್ಲಾಸ್ಟಿಕ್ ದಾಣಿ ಅಕ್ಕಿಗಿಂತ ತುಟ್ಟಿ ಐತಿ. ತುಟ್ಟಿ ಮಾಲ ಒಯ್ದು ಸೋವಿ ಮಾಲಿನ್ಯಾಗ ಯಾವ ಹುಚ್ಚ ಕಲಿಸ್ತಾನ್ರೀ?" ಅಂದ. ನಮ್ಮ ಸ್ಟುಡಿಯೋದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಈಗ ನನ್ನ ತಪ್ಪಿಗೆ ಬರ್ತೀನಿ. 2017ರ ಜೂನ್‌ನಲ್ಲಿ ಪ್ಲಾಸ್ಟಿಕ್ ಅಕ್ಕಿಯ ವಿಡಿಯೋಗಳು ಮೊಬೈಲಿನಿಂದ ಮೊಬೈಲಿಗೆ ಹಾರಾಡಿದವು. ನೆನಪಿದೆಯಾ? ಅನ್ನದ ಉಂಡೆಯನ್ನು ಗೋಡೆಗೆ ಎಸೆಯೋದು, ಪುಟಿದು ಬರೋದು. ಆಗ ನಾನು ಕೆಲಸ ಮಾಡುತ್ತಿದ್ದ ಕಡೆ ಆ ಸುದ್ದಿಯನ್ನು ಓದಿದವನು ನಾನೇ. "ನೀವು ತಿನ್ನುತ್ತಿರುವುದು ಅಕ್ಕಿಯೋ, ಪ್ಲಾಸ್ಟಿಕ್ಕೋ?" ಅಂತ ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆವು. ಆ ಚಿಹ್ನೆ ನಮ್ಮಂಥವರಿಗೆ ರಕ್ಷಾಕವಚ ಇದ್ದ ಹಾಗೆ. ನಾಳೆ ಯಾರಾದರೂ ಕೇಳಿದರೆ, ನಾವು ಹೇಳಿಲ್ಲ, ಕೇಳಿದ್ವಿ ಅಷ್ಟೇ ಅನ್ನಬಹುದು. ಆದರೆ ಲಕಮನಹಳ್ಳಿಯ ಆ ತಾಯಿಗೆ ನೆನಪಿರೋದು ಪ್ಲಾಸ್ಟಿಕ್ ಅನ್ನೋ ಪದ. ಪಡಿತರದಲ್ಲಿ ಸಾರವರ್ಧಿತ ಅಕ್ಕಿ ಎಲ್ಲ ಕಡೆ ಬಂದದ್ದು ಆಮೇಲೆ. ಆಗ ನಾವು ಬಿತ್ತಿದ ಅನುಮಾನ ಅಷ್ಟು ವರ್ಷ ಕಾದಿದ್ದು ಅವರ ಮೊರದಲ್ಲಿ ಮೊಳಕೆ ಒಡೆದಿತ್ತು.

ಆ ತಾಯಿಯನ್ನು ದಡ್ಡಿ ಅನ್ನಬೇಡಿ. ಬಸುರಿ ಸೊಸೆಯ ತಟ್ಟೆಗೆ ಬೇಡದ್ದು ಬೀಳಬಾರದು ಅಂತ ಒಂದೊಂದು ಕಾಳು ನೋಡಿ ಆರಿಸುತ್ತಿದ್ದರು. ವಿಷಯ ತಿಳಿಸಿದಾಗ ಅವರು ಕೇಳಿದ್ದು ಒಂದೇ ಮಾತು: "ಮತ್ತ ಇದನ್ನ ಯಾರೂ ಹೇಳಲೇ ಇಲ್ಲಲ್ರೀ?" ಅನ್ನದಲ್ಲಿ ಹೊಸದೊಂದು ಕಾಳು ಬೆರೆಸಿ ಕೊಡುವಾಗ, ಉಣ್ಣುವವರಿಗೆ ಮನೆಮಾತಿನಲ್ಲಿ ಒಂದು ಮಾತು ಹೇಳೋದು ಬೇಡವಾ? ಸರ್ಕಾರದ ಪಾಲಿನ ತಪ್ಪು ಅಲ್ಲಿದೆ.

ಹಾಗಂತ ಈ ಅಕ್ಕಿ ಅಮೃತವೂ ಅಲ್ಲ. ಲೆಕ್ಕ ಹಾಕೋಣ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಒಂದು ಕೆಜಿ ಸಾರವರ್ಧಿತ ಅಕ್ಕಿಯಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣಾಂಶ ಇರಬೇಕು. ದಿನಕ್ಕೆ ಕಾಲು ಕೆಜಿ ಅಕ್ಕಿಯ ಅನ್ನ ಉಂಡರೆ ಸಿಗೋದು 7ರಿಂದ 10 ಮಿಲಿಗ್ರಾಂ. ವಯಸ್ಕ ಮಹಿಳೆಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಲೆಕ್ಕ ಕೊಟ್ಟಿದೆ. ಅಂದರೆ ಅಕ್ಕಿಯಿಂದ ಮೂರನೇ ಒಂದು ಪಾಲು ಬಂದರೆ ಹೆಚ್ಚು. ಮಿಕ್ಕಿದ್ದು ಬೇರೆ ಕಡೆಯಿಂದ ಬರಲೇಬೇಕು. ಇನ್ನೊಂದು ಮಾತು: ಥಲಸ್ಸೇಮಿಯಾ, ಸಿಕಲ್ ಸೆಲ್‌ನಂಥ ರಕ್ತದ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿಯೇ ಈ ಅಕ್ಕಿ ಉಣ್ಣಬೇಕು.

ನಮ್ಮ ರಾಜ್ಯದ ಸ್ಥಿತಿ ನೋಡಿ. ಅನ್ನಭಾಗ್ಯ ಶುರುವಾಗಿದ್ದು 2013ರ ಜುಲೈನಲ್ಲಿ. ಹಸಿವಿನ ವಿಷಯದಲ್ಲಿ ಅದು ದೊಡ್ಡ ಕೆಲಸ ಮಾಡಿದೆ, ಅದನ್ನು ಅಲ್ಲಗಳೆಯೋಕೆ ಆಗಲ್ಲ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಇದ್ದವರು 2015-16ರಲ್ಲಿ ನೂರಕ್ಕೆ 60.9. ಮುಂದಿನ ಸಮೀಕ್ಷೆಯಲ್ಲಿ, ಅಂದರೆ 2019-20ರಲ್ಲಿ, ಅದು 65.5 ಆಯಿತು. ಮಹಿಳೆಯರಲ್ಲಿ 44.8 ಇದ್ದದ್ದು 47.8. ಅಕ್ಕಿ ಬಂತು, ಹೊಟ್ಟೆ ತುಂಬಿತು. ರಕ್ತ ಆಗೋಕೆ ಬರೀ ಅನ್ನ ಸಾಲದು.

ಇಲ್ಲೇ ನಾವು ಒಂದು ವಿಷಯ ಅರ್ಥ ಮಾಡಿಕೊಳ್ಳಬೇಕು. ಒಂದೊಂದು ಯೋಜನೆ ಒಂದೊಂದು ಕೊರತೆ ತುಂಬೋಕೆ ಇರೋದು. ಧಾರವಾಡ ಹಾಲು ಒಕ್ಕೂಟ ಇರೋದು ಇದೇ ಲಕಮನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ. ರಾಯಾಪುರದಲ್ಲಿ ಅಕ್ಷಯ ಪಾತ್ರೆಯ ದೊಡ್ಡ ಅಡುಗೆಮನೆ ಇದೆ. ಲಕ್ಷಕ್ಕೂ ಹೆಚ್ಚು ಮಕ್ಕಳ ಬಿಸಿಯೂಟ ಅಲ್ಲಿಂದ ಹೋಗುತ್ತೆ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದಲ್ಲಿ ಶಾಲೆ, ಅಂಗನವಾಡಿ ಮಕ್ಕಳಿಗೆ 150 ಮಿಲಿಲೀಟರ್ ಹಾಲು. ಹಾಲಿನಿಂದ ಕ್ಯಾಲ್ಸಿಯಂ ಬರುತ್ತೆ, ಪ್ರೋಟೀನ್ ಬರುತ್ತೆ, ಕಬ್ಬಿಣಾಂಶ ಬರೋದಿಲ್ಲ. ಶಾಲೆಯಲ್ಲಿ ಮೊಟ್ಟೆ: ಸರ್ಕಾರದ್ದು ವಾರಕ್ಕೆ ಎರಡು, 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಇನ್ನೂ ನಾಲ್ಕು, ಬೇಡ ಅಂದವರಿಗೆ ಬಾಳೆಹಣ್ಣು. ಅದು ಪ್ರೋಟೀನಿಗೆ. ರಕ್ತಕ್ಕೆ ಮಾತ್ರೆ ಬೇಕು, ಸೊಪ್ಪು ಬೇಕು, ಕಾಳು ಬೇಕು. ಒಂದು ಸಿಕ್ಕಿತು ಅಂತ ಇನ್ನೊಂದನ್ನು ಬಿಟ್ಟರೆ ಆ ಕೊರತೆ ಹಾಗೇ ಉಳಿಯುತ್ತೆ.

ಅದಕ್ಕೇ ಆ ಅತ್ತೆಯನ್ನು ಕೇಳಿದೆ: "ಸೊಸೆ ಹೆಸರು ಅಂಗನವಾಡಿಯಲ್ಲಿ ಬರೆಸಿದ್ದೀರಾ?"

"ಇಲ್ರೀ. ಅಕೀದು ಹೆಸರು ಇನ್ನೂ ತೌರುಮನಿ ರೇಷನ್ ಕಾರ್ಡಿನ್ಯಾಗ ಐತಿ. ನಮ್ಮ ಕಾರ್ಡಿಗೆ ಸೇರಿಸಿದ ಮ್ಯಾಲೆ ಬರಸಬೇಕಂತ ಬಿಟ್ಟೀವಿ."

ಇದು ಒಂದು ಮನೆಯ ಕಥೆ ಅಂದುಕೊಳ್ಳಬೇಡಿ. ಹೊಸದಾಗಿ ಮದುವೆಯಾಗಿ ಬಂದವರು, ಕೆಲಸ ಹುಡುಕಿ ಬೇರೆ ಜಿಲ್ಲೆಯಿಂದ ಬಂದು ಬಾಡಿಗೆ ಮನೆಯಲ್ಲಿ ಇರುವವರು, ಎಷ್ಟೋ ಜನ ಹೀಗೇ ತಿಳಿದುಕೊಂಡಿರುತ್ತಾರೆ. ದಯವಿಟ್ಟು ಕೇಳಿಸಿಕೊಳ್ಳಿ. ಅಂಗನವಾಡಿಯ ಆಹಾರಕ್ಕೆ ಬಿಪಿಎಲ್ ಕಾರ್ಡ್ ಅರ್ಹತೆ ಅಲ್ಲ. 2004ರ ಅಕ್ಟೋಬರ್‌ನಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ನಾಲ್ಕನೇ ಕಲಂ ಪ್ರಕಾರ, ಗರ್ಭಿಣಿಗೆ, ಹೆರಿಗೆಯಾಗಿ ಆರು ತಿಂಗಳವರೆಗೆ ಬಾಣಂತಿಗೆ, ಅಂಗನವಾಡಿಯ ಮೂಲಕ ಉಚಿತ ಊಟ ಸಿಗಬೇಕು. ಗುರುತಿನ ದಾಖಲೆ, ಫೋನ್ ನಂಬರ್ ಕೇಳ್ತಾರೆ, ಕೊಡಿ. ರೇಷನ್ ಕಾರ್ಡಿನಲ್ಲಿ ಹೆಸರು ಸೇರಲಿ ಅಂತ ಕಾಯಬೇಡಿ. ಆ ಕಚೇರಿ ಕೆಲಸ ಮುಗಿಯೋದರೊಳಗೆ ಮಗು ಹುಟ್ಟಿರುತ್ತೆ.

ನಮ್ಮ ರಾಜ್ಯದಲ್ಲಿ ಇದಕ್ಕೆ ಮಾತೃಪೂರ್ಣ ಅಂತ ಹೆಸರು. 2017ರ ಅಕ್ಟೋಬರ್ 2ರಿಂದ ನಡೆಯುತ್ತಿದೆ. ಮಧ್ಯಾಹ್ನ ಅನ್ನ, ಬೇಳೆ ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ತಿಂಗಳಿಗೆ 25 ದಿನ. ಅಲ್ಲೇ ಕೂತು ಉಣ್ಣಬೇಕು. ಯಾಕೆ ಅಲ್ಲೇ? ಮನೆಗೆ ಕೊಟ್ಟರೆ ಎಲ್ಲರಿಗೂ ಹಂಚಿಹೋಗುತ್ತೆ, ಸೊಸೆ ಕೊನೆಗೆ ಉಣ್ಣುತ್ತಾಳೆ, ಮೊಟ್ಟೆ ಅವಳ ತಟ್ಟೆಗೆ ಬರೋದಿಲ್ಲ. ಆಲೋಚನೆ ಸರಿಯಾಗಿದೆ. ಆದರೆ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಬಸುರಿ ಮಧ್ಯಾಹ್ನ ಒಂದು ಗಂಟೆಗೆ ಕೆಲಸ ಬಿಟ್ಟು ಅಂಗನವಾಡಿಗೆ ಹೇಗೆ ಬರ್ತಾಳೆ? ಬಂದರೆ ಕೂಲಿ ಹೋಗುತ್ತೆ, ಬರದಿದ್ದರೆ ಊಟ ಹೋಗುತ್ತೆ. ದುಡಿಯುವ ಹೆಣ್ಣುಮಕ್ಕಳಿಗೆ ಒಂದು ದಾರಿ ಮಾಡಿ ಅಂತ ಈ ಜಾಗದಿಂದ ಸರ್ಕಾರವನ್ನು ಕೇಳ್ತಾ ಇದ್ದೀನಿ. ಈ ಸಲ ಪ್ರಶ್ನಾರ್ಥಕ ಚಿಹ್ನೆ ಇಲ್ಲದೆ.

ಇನ್ನೂ ಎರಡು ಇವೆ. ಮಾತೃವಂದನಾ ಯೋಜನೆ: ಅರ್ಹ ಕುಟುಂಬದ ಮೊದಲ ಮಗುವಿಗೆ 5 ಸಾವಿರ ರೂಪಾಯಿ, ಎರಡನೆಯದು ಹೆಣ್ಣಾದರೆ 6 ಸಾವಿರ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ. ಎರಡನೆಯದು ಕಬ್ಬಿಣದ ಮಾತ್ರೆ. ಬಸುರಿನಲ್ಲಿ 180 ದಿನ, ಹೆರಿಗೆ ನಂತರ 180 ದಿನ, ದಿನಕ್ಕೊಂದು, ಉಚಿತ. ಎಂಟಕ್ಕೆ ಇಳಿದಿದ್ದರೆ ಡೋಸ್ ಎಷ್ಟು ಅಂತ ವೈದ್ಯರೇ ಹೇಳ್ತಾರೆ. ಮಾತ್ರೆ ತಗೊಂಡರೆ ಮಲ ಕಪ್ಪಾಗುತ್ತೆ, ಕೆಲವರಿಗೆ ವಾಕರಿಕೆ ಬರುತ್ತೆ. ಹೆದರಿ ಬಿಡಬೇಡಿ, ರಾತ್ರಿ ಊಟ ಆದ ಮೇಲೆ ತಗೊಳ್ಳಿ.

ಕೊನೆಗೆ ಚಹಾದ ಮಾತು. ನಮ್ಮ ಉತ್ತರ ಕರ್ನಾಟಕದವರಿಗೆ ಹೇಳೋದು ಕಷ್ಟ, ಆದರೂ ಹೇಳ್ತೀನಿ. ಊಟದ ಜೊತೆ, ಊಟ ಆದ ಕೂಡಲೇ ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಹತ್ತೋದಿಲ್ಲ. ಒಂದು ಗಂಟೆ ತಡೆಯಿರಿ. ಅದರ ಬದಲು ಲಿಂಬೆ ಹಿಂಡಿಕೊಳ್ಳಿ. ಹುಳಿ ಕಬ್ಬಿಣಾಂಶವನ್ನು ಒಳಗೆ ಸೇರಿಸುತ್ತೆ. ಜೋಳದ ರೊಟ್ಟಿ, ಪುಂಡಿಪಲ್ಯ, ಮಡಕಿಕಾಳು, ಶೇಂಗಾ ಚಟ್ನಿ. ನಿಮ್ಮ ಅಜ್ಜಿ ಬಡಿಸುತ್ತಿದ್ದ ತಟ್ಟೆ ಯಾವ ಟಾನಿಕ್‌ಗೂ ಕಡಿಮೆ ಇರಲಿಲ್ಲ.

ಆ ದಿನ ನಾವು ಹೊರಡುವಾಗ ಅತ್ತೆ ಮತ್ತೆ ಮೊರ ಎತ್ತಿಕೊಂಡರು. ಒಂದು ಹಳದಿ ಕಾಳನ್ನು ಬೆರಳಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ ನೋಡಿದರು. ಇನ್ನೂ ಅನುಮಾನ ಹೋಗಿರಲಿಲ್ಲ. ಹೋಗಬೇಕು ಅಂತಾನೂ ನಾನು ಅನ್ನೋದಿಲ್ಲ. ಒಮ್ಮೆ ಕೆಟ್ಟ ನಂಬಿಕೆ ಒಂದೇ ದಿನಕ್ಕೆ ಬರೋದಿಲ್ಲ. ಆಮೇಲೆ ಆ ಕಾಳನ್ನು ಅಕ್ಕಿ ಒಳಗೇ ಹಾಕಿದರು.

ಇವತ್ತು ರಾತ್ರಿ ಅಕ್ಕಿ ಆರಿಸುವಾಗ ನೀವೂ ಕಲ್ಲು ತೆಗೆಯಿರಿ, ನೆಲ್ಲು ತೆಗೆಯಿರಿ. ಆ ಕಾಳನ್ನು ಬಿಡಿ. ನಿಮ್ಮ ಓಣಿಯಲ್ಲಿ ಅಂಗನವಾಡಿಗೆ ಹೆಸರು ಬರೆಸದ ಬಸುರಿ ಇದ್ದರೆ, ನಾಳೆ ಬೆಳಗ್ಗೆ ಅವಳನ್ನು ಕರೆದುಕೊಂಡು ಹೋಗಿ.