ಟಸ್ಕನಿಯ ಬಿಳಿದಾರಿ, ಜವ್ವಾದಿಯ ಜಲ್ಲಿದಾರಿ

ಚೆನ್ನೈಯಿಂದ ಬೆಂಗಳೂರಿನ ಕಡೆಗೆ ರೈಲಿನಲ್ಲಿ ಪ್ರಯಾಣ ಮಾಡುವ ನಮ್ಮವರು, ವಾಣಿಯಂಬಾಡಿಯನ್ನು ದಾಟಿ ಜೋಲಾರ್‌ಪೇಟೆಯನ್ನು ಸಮೀಪಿಸುವಾಗ, ಎಡಗಡೆಯ ಕಿಟಕಿಯಲ್ಲಿ ಒಂದು ದೊಡ್ಡ ಬೆಟ್ಟವನ್ನು ಕಂಡಿರಲೇಬೇಕು. ಅದೇ ಏಲಗಿರಿ. ಅದರ ಬೆನ್ನಿಗೆ, ಮೂಡಣ ದಿಕ್ಕಿನಲ್ಲಿ, ಜವ್ವಾದಿ ಬೆಟ್ಟಗಳ ಸಾಲು ಹಬ್ಬಿದೆ. ವರ್ಷಕ್ಕೆ ಒಂದೆರಡು ಬಾರಿ ಊರಿಗೆ ಹೋಗಿಬರುವ ಹೋಟೆಲು ಕೆಲಸಗಾರರಲ್ಲಿಯೂ ಗುಮಾಸ್ತರಲ್ಲಿಯೂ, ಒಮ್ಮೆಯಾದರೂ ಅಲ್ಲಿ ಇಳಿದು ಆ ಬೆಟ್ಟವನ್ನು ಹತ್ತಿದವರು ಎಷ್ಟು ಮಂದಿ ಸಿಕ್ಕಾರು?

ಈ ಪ್ರಶ್ನೆ ಹುಟ್ಟಲು ಕಾರಣವಾದದ್ದು ಇಟಲಿ ದೇಶದ ಒಂದು ಸಂಗತಿ. ಡಾಮರು ಕಾಣದ ಜಲ್ಲಿದಾರಿಗಳನ್ನೇ ಹುಡುಕಿಕೊಂಡು ಸೈಕಲ್ಲಿನಲ್ಲಿ ಗುಡ್ಡಗಾಡು ಸುತ್ತುವ ಹವ್ಯಾಸವು ಪಶ್ಚಿಮದ ದೇಶಗಳಲ್ಲಿ ಈಗ ಬಲವಾಗಿ ಬೆಳೆದಿದೆ. ಅದಕ್ಕೆಂದೇ ತಯಾರಾದ, ಲಕ್ಷಗಟ್ಟಲೆ ಬೆಲೆಬಾಳುವ ಸೈಕಲ್ಲುಗಳೂ ಇವೆ. ಈ ಹವ್ಯಾಸದವರಿಗೆ ಕಾಶಿಯಂತಿರುವ ಸ್ಥಳ ಮಧ್ಯ ಇಟಲಿಯ ಟಸ್ಕನಿ ಪ್ರಾಂತ. ಅಲ್ಲಿಯ ಸಿಯೆನಾ ಪಟ್ಟಣದ ಸುತ್ತಮುತ್ತ ದ್ರಾಕ್ಷಿ, ಆಲಿವ್ ತೋಟಗಳ ನಡುವೆ, ಸೈಪ್ರಸ್ ಮರಗಳ ಸಾಲಿನ ಬದಿಯಲ್ಲಿ, ದಿಬ್ಬವೇರಿ ದಿಬ್ಬವಿಳಿಯುವ ದಾರಿಗಳಿವೆ. ಮಣ್ಣು ಬಿಳಿ, ಜಲ್ಲಿ ಬಿಳಿ, ಏಳುವ ಧೂಳೂ ಬಿಳಿ. ಆದುದರಿಂದಲೇ ಅಲ್ಲಿಯ ಜನ ಅವುಗಳನ್ನು ತಮ್ಮ ಭಾಷೆಯಲ್ಲಿ ‘ಬಿಳಿದಾರಿಗಳು’ ಎನ್ನುತ್ತಾರೆ.

ಆ ದಾರಿಗಳಿಗೆ ಡಾಮರು ಏಕೆ ಬೀಳಲಿಲ್ಲ ಎಂಬುದರಲ್ಲಿ ನಮ್ಮಂಥವರು ಕಿವಿಗೊಡಬೇಕಾದ ಒಂದು ಕಥೆಯಿದೆ. ಅವು ಒಕ್ಕಲುಗಳ ಮನೆಗೆ ಹೋಗುವ ದಾರಿಗಳಾಗಿದ್ದವು. ಬೆಳೆಯ ಅರ್ಧ ಧಣಿಗೆ, ಅರ್ಧ ಒಕ್ಕಲಿಗೆ ಎಂಬ ಪಾಲಿನ ಕರಾರು ಅಲ್ಲಿ ಶತಮಾನಗಳಿಂದ ನಡೆದುಬಂದಿತ್ತು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಒಕ್ಕಲುಗಳ ಮಕ್ಕಳು ಕಾರ್ಖಾನೆಯ ಕೆಲಸ ಹುಡುಕಿಕೊಂಡು ಪಟ್ಟಣಗಳಿಗೆ ಹೊರಟುಹೋದರು. ಇಟಲಿಯ ಸರಕಾರವು 1964ರಲ್ಲಿ ಅಂತಹ ಹೊಸ ಕರಾರುಗಳನ್ನು ಕಾನೂನಿನಿಂದ ನಿಷೇಧಿಸುವ ಹೊತ್ತಿಗೆ ಎಷ್ಟೋ ಮನೆಗಳ ಬಾಗಿಲಿಗೆ ಬೀಗ ಬಿದ್ದಿತ್ತು. ಜನವೇ ಇಲ್ಲದ ದಾರಿಗೆ ಡಾಮರು ಹಾಕುವವರಾರು? ಗೇಣಿಯ ಗದ್ದೆಯಲ್ಲಿ ಹೊಟ್ಟೆ ತುಂಬದೆ ಘಟ್ಟ ಹತ್ತಿ ಮದರಾಸಿಗೆ ಬಂದು ಹೋಟೆಲುಗಳಲ್ಲಿ ಲೋಟ ತೊಳೆದವರ ಮನೆಗಳಲ್ಲಿ ಈ ಕಥೆಯನ್ನು ವಿವರಿಸಿ ಹೇಳಬೇಕಾದ್ದಿಲ್ಲ.

ಹೀಗೆ ಉಳಿದ ಬಿಳಿದಾರಿಗಳಿಗೂ ಒಂದೊಂದಾಗಿ ಡಾಮರು ಬೀಳತೊಡಗಿದಾಗ, ಜಿಯಾಂಕಾರ್ಲೊ ಬ್ರೊಚಿ ಎಂಬ ಸ್ಥಳೀಯರೊಬ್ಬರು ಅವುಗಳನ್ನು ಉಳಿಸುವ ಉಪಾಯ ಹೂಡಿದರು. ಅವರು ಮನವಿಪತ್ರಗಳನ್ನು ಮಾತ್ರ ನಂಬಿ ಕೂರಲಿಲ್ಲ. 1997ರಲ್ಲಿ ಗಯೋಲೆ ಎಂಬ ಸಣ್ಣ ಊರಿನಿಂದ ಹಳೆಯ ಸೈಕಲ್ಲುಗಳ ಸವಾರಿಯೊಂದನ್ನು ಹೊರಡಿಸಿದರು. ಮೊದಲ ವರ್ಷ ನೂರು ಮಂದಿಯೂ ಸೇರಲಿಲ್ಲ. ಈಗ ‘ಎರೋಯಿಕ’ ಎಂಬ ಆ ಸವಾರಿಗೆ ಹೊರದೇಶಗಳಿಂದಲೂ ಸಾವಿರಗಟ್ಟಲೆ ಜನ ಬರುತ್ತಾರೆ. 1987ಕ್ಕಿಂತ ಹಿಂದಿನ ಮಾದರಿಯ ಸೈಕಲ್ಲಿಗೆ ಮಾತ್ರ ಪ್ರವೇಶ. ದೀರ್ಘವಾದ ಹಾದಿ 200 ಕಿಲೋಮೀಟರಿಗೂ ಹೆಚ್ಚು. ಕಡಿಮೆ ದೂರದ ಹಾದಿಗಳೂ ಉಂಟು. ಕಡಿದಾದ ಏರಿನಲ್ಲಿ ಇಳಿದು ಸೈಕಲ್ಲನ್ನು ತಳ್ಳಿಕೊಂಡು ಹೋಗುವವರನ್ನು ಅಲ್ಲಿ ಯಾರೂ ಹಾಸ್ಯ ಮಾಡುವುದಿಲ್ಲ. 2007ರಿಂದ ವೃತ್ತಿಪರ ಸವಾರರ ಪಂದ್ಯವೊಂದು ಕೂಡ ಈ ದಾರಿಗಳಲ್ಲಿ ನಡೆದು ಸಿಯೆನಾದ ನಡುಚೌಕದಲ್ಲಿ ಮುಗಿಯುತ್ತದೆ.

ನಮ್ಮ ಕಸುಬಿಗೆ ಸಂಬಂಧಪಟ್ಟ ಮಾತೊಂದನ್ನು ಇಲ್ಲಿ ಹೇಳದೆ ಬಿಡಲಾಗದು. ಎರೋಯಿಕದ ಸವಾರರಿಗೆ ದಾರಿಯಲ್ಲಿ ಬಡಿಸುವ ತಿಂಡಿಗಳಲ್ಲಿ ‘ರಿಬೊಲ್ಲಿತ’ ಎಂಬುದೊಂದು. ಅದರ ಅರ್ಥ ‘ಮತ್ತೆ ಕುದಿಸಿದ್ದು’. ಒಣಗಿದ ರೊಟ್ಟಿಯನ್ನು ಸೊಪ್ಪು, ಕಾಳುಗಳ ಸಾರಿನಲ್ಲಿ ಹಾಕಿ ಕುದಿಸಿದ ಬಡ ಒಕ್ಕಲಿನ ಊಟ ಅದು. ಮಿಕ್ಕ ಇಡ್ಲಿಯನ್ನು ಉದುರಿಸಿ ಒಗ್ಗರಣೆ ಕೊಟ್ಟು ಉಪ್ಪಿಟ್ಟು ಮಾಡಬಲ್ಲ ನಮ್ಮ ಅಡುಗೆಯವರು ಅದನ್ನು ಕಂಡರೆ ಒಡನೆಯೇ ಗುರುತು ಹಿಡಿದಾರು!

ಇನ್ನು ನಮ್ಮ ಬೆಟ್ಟಗಳ ಮಾತು. ಸೈಕಲ್ಲಿಗಾಗಿ ಸಾಲ ಮಾಡಬೇಕಾಗಿಲ್ಲ. ಜಲ್ಲಿದಾರಿಗೆಂದು ಮಾರುವ ಆ ದುಬಾರಿ ಸೈಕಲ್ಲುಗಳ ವಿಶೇಷವೇನೆಂದರೆ ಟೈರಿನ ಅಗಲ: ಸುಮಾರು 35ರಿಂದ 50 ಮಿಲಿಮೀಟರು. ನಮ್ಮ ಹಾಲಿನವರೂ ಅಂಚೆಯವರೂ ತುಳಿದ 28-1½ ಅಂಗುಲದ ಟೈರಿನ ಅಗಲವಾದರೂ ಎಷ್ಟು? ಹೆಚ್ಚುಕಡಮೆ 40 ಮಿಲಿಮೀಟರು! 1949ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಟಿ. ಐ. ಸೈಕಲ್ಸ್ ಕಂಪೆನಿಯ ಅಂಬತ್ತೂರು ಕಾರ್ಖಾನೆಯಿಂದ ಹೊರಬಂದ ಹರ್ಕ್ಯುಲಿಸ್ ಸೈಕಲ್ಲುಗಳು ಕೆಟ್ಟ ದಾರಿಯನ್ನು ಎಣಿಸಿಯೇ ಮಾಡಿದಂಥವು. ಅವುಗಳಿಗೆ ಎರಡು ಕೊರತೆ ಮಾತ್ರ. ಗೇರು ಇಲ್ಲವಾದ್ದರಿಂದ ಏರಿನಲ್ಲಿ ತಳ್ಳಬೇಕು. ಅದು ಕಾಲಿಗೆ ಶ್ರಮ, ಜೀವಕ್ಕೆ ಅಪಾಯವಲ್ಲ. ಇಳಿಜಾರಿನಲ್ಲಿ ಕಂಬಿಯ ಬ್ರೇಕು ಸಾಲದು. ಇದು ಜೀವದ ಪ್ರಶ್ನೆ. ಆದುದರಿಂದ ಹೊರಡುವ ಮುನ್ನ ನಾಲ್ಕು ಬ್ರೇಕುಕಟ್ಟೆಗಳನ್ನೂ ಹೊಸದಾಗಿ ಹಾಕಿಸಿರಿ. ಎರಡೆರಡು ತಿರುವಿಗೊಮ್ಮೆ ನಿಂತು, ರಿಮ್ಮಿನ ಬಿಸಿ ಆರುವವರೆಗೆ ಕಾಯಿರಿ. ಜಲ್ಲಿಯ ಮೇಲೆ ತಿರುಗುವಾಗ ಮುಂದಿನ ಬ್ರೇಕನ್ನು ಜೋರಾಗಿ ಹಿಡಿದರೆ ಚಕ್ರ ಜಾರಿ ಕೆಳಗೆ ಬೀಳುವುದು ನಿಶ್ಚಯ. ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು. ಮಳೆ ಬಂದರೆ ಇಳಿದು ನಡೆಯಿರಿ.

ಏಲಗಿರಿಯ ರಸ್ತೆಗೆ ಡಾಮರು ಇದೆ. ಹದಿನಾಲ್ಕು ಕಡಿದಾದ ತಿರುವುಗಳನ್ನು ಹತ್ತಿದರೆ ಸಮುದ್ರಮಟ್ಟದಿಂದ ಸುಮಾರು 1,100 ಮೀಟರು ಎತ್ತರದ ಹಳ್ಳಿಗಳು ಸಿಗುತ್ತವೆ. ರಾತ್ರಿಯ ಗಾಡಿಯಲ್ಲಿ ಹೋಗಿ, ಬೆಳಗ್ಗೆ ಬೆಟ್ಟ ಹತ್ತಿ, ಸಂಜೆಯ ಗಾಡಿಗೆ ಮರಳುವುದು ಒಂದು ದಿನದ ರಜೆಯಲ್ಲಿ ಸಾಧ್ಯ. ಮದರಾಸು ರಾಜ್ಯವು ಉಪಾಹಾರಗೃಹಗಳಿಗೆಂದೇ 1958ರಲ್ಲಿ ಮಾಡಿದ ಕಾನೂನಿನಲ್ಲಿ ವಾರಕ್ಕೊಂದು ಪೂರ್ತಿ ದಿನದ ರಜೆ ಬರೆದಿದೆ. ಆ ದಿನವನ್ನು ಕೋಣೆಯಲ್ಲಿ ಮಲಗಿ ಕಳೆದವನು ಮರುದಿನ ಆಕಳಿಸುತ್ತಲೇ ಕೆಲಸಕ್ಕೆ ಬರುತ್ತಾನೆಂಬುದು ಹೋಟೆಲು ನಡೆಸಿದ ನಮ್ಮ ಅನುಭವ.

ನಿಜವಾದ ಜಲ್ಲಿದಾರಿ ಬೇಕೆನ್ನುವವರು ಆಲಂಗಾಯಂ ಮಾರ್ಗವಾಗಿ ಜವ್ವಾದಿಗೆ ಹೋಗಬೇಕು. ಮುಖ್ಯ ರಸ್ತೆ ಕಾವಲೂರನ್ನು ಹಾದುಹೋಗುತ್ತದೆ. ಅಲ್ಲಿಯ ವೇಣು ಬಪ್ಪು ವೀಕ್ಷಣಾಲಯವನ್ನು ನಡೆಸುತ್ತಿರುವುದು ನಮ್ಮ ಬೆಂಗಳೂರಿನ ಖಭೌತ ಸಂಸ್ಥೆ. ಮುಖ್ಯ ರಸ್ತೆಯಿಂದ ಕವಲೊಡೆದು ಹಳ್ಳಿಗಳಿಗೆ ಹೋಗುವ ಮಣ್ಣಿನ ದಾರಿಗಳು, ಸಾಮೆಯ ಹೊಲ, ಹಲಸು, ಹುಣಿಸೆ: ಇವನ್ನು ನೋಡಿದ ಘಟ್ಟದ ಕೆಳಗಿನವರಿಗೆ ಊರು ನೆನಪಾಗದಿರದು. ಆದರೆ ರಕ್ಷಿತಾರಣ್ಯದೊಳಕ್ಕೆ ಹೋಗುವ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕೇಬೇಕು. 2018ರ ಮಾರ್ಚಿಯಲ್ಲಿ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡುಬೆಂಕಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು. ಚೆನ್ನೈಯಿಂದ ಹೋದವರೂ ಅವರಲ್ಲಿದ್ದರು.

ಟಸ್ಕನಿಯನ್ನು ಹೊಗಳುವ ಭರದಲ್ಲಿ, ಇಲ್ಲಿಯೂ ಜಲ್ಲಿದಾರಿಗಳನ್ನು ಹಾಗೆಯೇ ಉಳಿಸಿರಿ ಎಂದು ಬರೆಯಲು ನಮ್ಮ ಲೇಖನಿ ಏಳುವುದಿಲ್ಲ. 2023ರ ಮೇ ತಿಂಗಳಲ್ಲಿ ವೇಲೂರು ಜಿಲ್ಲೆಯ ಅಣೈಕಟ್ಟು ತಾಲ್ಲೂಕಿನ ಅಲ್ಲೇರಿ ಬೆಟ್ಟದಲ್ಲಿ ಒಂದೂವರೆ ವರ್ಷದ ಹೆಣ್ಣುಮಗುವಿಗೆ ಹಾವು ಕಚ್ಚಿತು. ಸರಿಯಾದ ರಸ್ತೆಯಿಲ್ಲದೆ ಆಸ್ಪತ್ರೆ ಸೇರುವುದು ತಡವಾಗಿ ಮಗು ತೀರಿಕೊಂಡಿತು. ಶವವನ್ನು ಮರಳಿ ತಂದ ಆಂಬುಲೆನ್ಸು ಕೂಡ ಮನೆಯವರೆಗೆ ಹೋಗಲಾಗದೆ ನಡುದಾರಿಯಲ್ಲಿಯೇ ನಿಂತಿತು. ತಾಯಿಯು ಮಗುವನ್ನು ಎತ್ತಿಕೊಂಡು ಬೆಟ್ಟದ ದಾರಿಯಲ್ಲಿ ಮೈಲುಗಟ್ಟಲೆ ನಡೆದಳು. ಟಸ್ಕನಿಯ ಬಿಳಿದಾರಿ ಜನ ಬಿಟ್ಟುಹೋದ ದಾರಿ. ಈ ಬೆಟ್ಟಗಳ ಜಲ್ಲಿದಾರಿಯಲ್ಲಿ ಜನ ಇನ್ನೂ ಇದ್ದಾರೆ. ಅವರಿಗೆ ಡಾಮರು ಬರಲಿ, ಬೇಗನೆ ಬರಲಿ. ಸೈಕಲ್ಲಿನವರಿಗೆ ಹೊಲದ ಬದಿಯ ಬಂಡಿದಾರಿ ಸಾಕು.

ಅಲ್ಲಿಗೆ ಹೋಗುವವರು ಬುತ್ತಿಯನ್ನು ಅರ್ಧ ಮಾತ್ರ ಕಟ್ಟಿಕೊಳ್ಳಲಿ; ಉಳಿದರ್ಧಕ್ಕೆ ಬೆಟ್ಟದ ಅಂಗಡಿಯಲ್ಲಿ ಹಣ ಕೊಟ್ಟು ತಿನ್ನಲಿ, ಬರುವಾಗ ಸಾಮೆಯನ್ನೋ ಹುಣಿಸೆಯನ್ನೋ ಕೊಂಡುತರಲಿ. ದಾರಿ ಕೇಳುವಾಗ ತಮಿಳಿನಲ್ಲಿ ‘ಅಣ್ಣ’, ‘ಅಮ್ಮ’ ಎಂದು ಕರೆದೇ ಕೇಳಲಿ. ಹಿಂಗಾರು ಮಳೆ ನಿಂತ ಮೇಲೆ, ಡಿಸೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ. ಪಂಪು, ಸ್ಪ್ಯಾನರು, ಪಂಚರ್ ಸಾಮಾನು, ಎರಡು ಸೀಸೆ ನೀರು ಜೊತೆಯಲ್ಲಿರಲಿ. ಸೈಕಲ್ಲನ್ನು ಲಗ್ಗೇಜು ವ್ಯಾನಿಗೆ ಹಾಕಿಸಲು ಸೆಂಟ್ರಲ್ ನಿಲ್ದಾಣದ ಪಾರ್ಸೆಲ್ ಕಚೇರಿಗೆ ಗಾಡಿ ಬಿಡುವುದಕ್ಕಿಂತ ಬಹಳ ಮೊದಲೇ ಹೋಗಬೇಕು. ಹೆಸರನ್ನೂ ಇಳಿಯುವ ನಿಲ್ದಾಣವನ್ನೂ ಬರೆದ ಚೀಟಿಯನ್ನು ಹ್ಯಾಂಡಲಿಗೆ ಬಿಗಿಯಾಗಿ ಕಟ್ಟಿರಿ.