ಬಾಯಿ ಮುಚ್ಚಿದ ಬಸವನಹುಳು ಸತ್ತಿದೆಯಾ? ನರಕೋಶ ಏನು ಹೇಳುತ್ತೆ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈ ಕಡೆ ಇರೋ ನಮ್ಮವರಿಗೆ ಈ ಪ್ರಾಣಿಯ ಪರಿಚಯ ಬೇಕಿಲ್ಲ. ಜೂನ್‌ನಲ್ಲಿ ಮಳೆ ಹಿಡೀತು ಅಂದ್ರೆ ಸೊಸೈಟಿ ಗೋಡೆ ಮೇಲೆ, ಪಾರ್ಕಿಂಗ್‌ನಲ್ಲಿ, ಹೂಕುಂಡದ ಅಂಚಿನಲ್ಲಿ ಅಂಗೈಯಗಲದ ಬಸವನಹುಳು. ಇದು ಆಫ್ರಿಕದ ದೈತ್ಯ ಬಸವನಹುಳು. 1847ರಲ್ಲಿ ವಿಲಿಯಂ ಬೆನ್ಸನ್ ಎಂಬಾತ ಮಾರಿಷಸ್‌ನಿಂದ ಕೋಲ್ಕತ್ತಕ್ಕೆ ತಂದದ್ದು, ಅಲ್ಲಿನ ತೋಟದಿಂದ ದೇಶದ ಉದ್ದಗಲ ಹರಡಿತು.

ಮಳೆ ನಿಂತ ಮೇಲೆ ಇವು ಎಲ್ಲಿ ಹೋಗ್ತವೆ? ಎಲ್ಲೂ ಹೋಗಲ್ಲ. ಮಣ್ಣೊಳಗೆ, ಕಲ್ಲಿನ ಸಂದಿಯಲ್ಲಿ, ಕುಂಡದ ತಳದಲ್ಲಿ ಸೇರಿಕೊಂಡು, ಚಿಪ್ಪಿನ ಬಾಯಿಗೆ ಒಣಗಿದ ಲೋಳೆಯ ಮುಚ್ಚಳ ಹಾಕಿಕೊಂಡು ಮಲಗುತ್ತವೆ. ಇದಕ್ಕೆ ಬೇಸಿಗೆ ನಿದ್ರೆ ಅಂತಾರೆ. ಎದೆಬಡಿತ ನಿಧಾನವಾಗುತ್ತೆ, ಆಮ್ಲಜನಕದ ಖರ್ಚು ತೀರಾ ಇಳಿಯುತ್ತೆ.

ಆಗ ನರಗಳಲ್ಲಿ ಏನಾಗುತ್ತೆ? ಇದನ್ನು ನೋಡೋಕೆ ಬಸವನಹುಳು ಹೇಳಿ ಮಾಡಿಸಿದ ಪ್ರಾಣಿ. ಅದರ ಕೆಲವು ನರಕೋಶಗಳು 0.1 ಮಿಲಿಮೀಟರ್‌ಗಿಂತ ದೊಡ್ಡವು. ಪ್ರತಿ ಹುಳುವಿನಲ್ಲೂ ಅದೇ ಜಾಗದಲ್ಲಿ ಅದೇ ಕೋಶ ಸಿಗುತ್ತೆ. ಹಾಗಾಗಿ ಎಚ್ಚರದ ಹುಳು, ಮಲಗಿದ ಹುಳು ಎರಡರಲ್ಲೂ ಒಂದೇ ಕೋಶವನ್ನು ಹೋಲಿಸಬಹುದು.

1970ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಗೈನರ್, ಜೆಫ್ರಿ ಬಾರ್ಕರ್ ಹೀಗೇ ಮಾಡಿದರು. ಅವರ ಹುಳು ಬೇರೆ: ಮೆಡಿಟರೇನಿಯನ್ ಕಡೆಯ ಒಟಾಲಾ. ಅದರ 'ಹನ್ನೊಂದನೇ ಕೋಶ' ಎಚ್ಚರದಲ್ಲಿ ಗೊಂಚಲು ಗೊಂಚಲಾಗಿ ಮಿಡಿಯುತ್ತೆ: ಒಂದಷ್ಟು ವಿದ್ಯುತ್ ಮಿಡಿತ, ಸ್ವಲ್ಪ ವಿರಾಮ, ಮತ್ತೆ ಮಿಡಿತ. ಯಾರೂ ಹೇಳಬೇಕಿಲ್ಲ, ಲಯ ಕೋಶದ್ದೇ. ಮಲಗಿದ ಹುಳುವಿನಲ್ಲಿ ಈ ಗೊಂಚಲು ಮಾಯ. ಕೋಶದೊಳಗಿನ ಪ್ರೋಟೀನ್ ತಯಾರಿಕೆಯ ಮಾದರಿಯೂ ಬದಲಾಗಿತ್ತು.

ಹಾಗಾದ್ರೆ ಕೋಶ ಕೆಟ್ಟಿತ್ತಾ? ಇಲ್ಲ. ಮಲಗಿದ ಹುಳುವಿನ ಆ ಕೋಶಕ್ಕೆ ವಾಸೋಪ್ರೆಸಿನ್‌ನಂಥ ಹಾರ್ಮೋನ್ ಕೊಟ್ಟಾಗ ಗೊಂಚಲು ಮಿಡಿತ ಮತ್ತೆ ಶುರುವಾಯ್ತು. ನಮ್ಮ ದೇಹದಲ್ಲಿ ನೀರು ಉಳಿಸೋಕೆ ಹೇಳೋ ಹಾರ್ಮೋನ್ ಇದೇ! ಅಂದ್ರೆ ಲಯದ ಯಂತ್ರ ಒಳಗೇ ಇದೆ, ಚಾಲೂ ಮಾಡೋ ಸಂದೇಶ ಬಂದಿಲ್ಲ ಅಷ್ಟೇ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಶಟ್‌ಡೌನ್ ಅಲ್ಲ, ಸ್ಲೀಪ್ ಮೋಡ್.

ಇದರಿಂದ ನಮಗೇನು? ಮೌನವಾಗಿರೋ ಚಿಪ್ಪು ಸತ್ತ ಚಿಪ್ಪಲ್ಲ. ನಮ್ಮಲ್ಲಿ ಎಷ್ಟೋ ಜನ ಬೇಸಿಗೆ ರಜೆಯಲ್ಲಿ ಮನೆ ಬದಲಾಯಿಸ್ತೀವಿ. ಐರೋಲಿಯಿಂದ ಬೆಂಗಳೂರಿಗೆ, ಕಲ್ಯಾಣದಿಂದ ಹುಬ್ಬಳ್ಳಿಗೆ ತುಳಸಿ, ಮಲ್ಲಿಗೆ ಕುಂಡಗಳೂ ಲಾರಿ ಹತ್ತುತ್ತವೆ. ಮಣ್ಣಲ್ಲಿ ಮಲಗಿದ್ದ ಹುಳು ಮೊದಲ ಮಳೆಗೆ ಅಲ್ಲಿ ಎದ್ದು ಹೊರಬರುತ್ತೆ. ಇದು ಗಂಡು-ಹೆಣ್ಣು ಎರಡೂ ಆದ ಪ್ರಾಣಿ. ಕೂಡಿಕೆಯಾದ ಮೇಲೆ ವೀರ್ಯವನ್ನು ತಿಂಗಳುಗಟ್ಟಲೆ ಕೂಡಿಟ್ಟುಕೊಂಡು ಒಂದೇ ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಹಾಗಾಗಿ ಒಂದೇ ಹುಳು ಸಾಕು, ಅಲ್ಲಿನ ತೋಟಕ್ಕೆ ಹೊಸ ಪಿಡುಗು.

ಹಾಗಾಗಿ ಕುಂಡ ಸಾಗಿಸೋ ಮುಂಚೆ ಮಣ್ಣು ಕೆದಕಿ, ತಳ ನೋಡಿ. ಸಾಧ್ಯವಾದ್ರೆ ಮಣ್ಣು ಇಲ್ಲೇ ಬಿಟ್ಟು ಗಿಡ ಮಾತ್ರ ಒಯ್ಯಿರಿ. ಚಿಪ್ಪು ಸಿಕ್ಕರೆ ಕೈಗವಸು ಹಾಕಿ ಎತ್ತಿ, ಗಟ್ಟಿ ಉಪ್ಪುನೀರಿನ ಬಕೆಟ್‌ಗೆ ಹಾಕಿ. ಮಕ್ಕಳು ಬರಿಗೈಲಿ ಮುಟ್ಟೋದು ಬೇಡ: ಮಿದುಳಿನ ಪೊರೆಗೆ ಉರಿಯೂತ ತರೋ ಇಲಿ-ಶ್ವಾಸಕೋಶದ ಹುಳು ಇದರ ಮೈಯಲ್ಲಿ ಇರಬಹುದು. ಮುಟ್ಟಿದ್ದರೆ ಸೋಪಿನಿಂದ ಕೈ ತೊಳೆಸಿ, ಸೊಪ್ಪು-ತರಕಾರಿಯನ್ನೂ ಚೆನ್ನಾಗಿ ತೊಳೀರಿ.

ಪ್ರಶ್ನೆ ಇದ್ದರೆ ಕೇಳಿ. ಮುಂದಿನ ಮಾತಿನಲ್ಲಿ ಸಿಗೋಣ.