ಐಪಾಡ್ ವೇಷ ತೊಟ್ಟ ಫೋನ್

2009ರ ಜೂನ್‌ನಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಪಾಮ್ ಕಂಪನಿಯ ಪ್ರೀ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿದರೆ, ಪರದೆಯ ಮೇಲೆ ಮೂರು ಆಯ್ಕೆಗಳು ಬರುತ್ತಿದ್ದವು: ಹಾಡು-ಚಿತ್ರಗಳನ್ನು ಸಿಂಕ್ ಮಾಡುವುದು, ಪೆನ್‌ಡ್ರೈವ್‌ನಂತೆ ಬಳಸುವುದು, ಬರೀ ಚಾರ್ಜ್ ಮಾಡುವುದು. ಮೊದಲನೆಯದನ್ನು ಮುಟ್ಟಿದರೆ ಆಪಲ್ ಕಂಪನಿಯ ಐಟ್ಯೂನ್ಸ್ ತಂತ್ರಾಂಶ, ಬಂದಿರುವುದು ತನ್ನದೇ ಸಂಗೀತ ಸಾಧನ ಐಪಾಡ್ ಎಂದು ತಿಳಿದು ಹಾಡುಗಳನ್ನು ತುಂಬಿಸಿಕೊಡುತ್ತಿತ್ತು. ಪ್ರೀ ತನ್ನನ್ನು ಐಪಾಡ್ ಎಂದೇ ಪರಿಚಯಿಸಿಕೊಳ್ಳುತ್ತಿತ್ತು. ಅದನ್ನು ರೂಪಿಸಿದ ತಂಡದ ಮುಂದಾಳು ಜಾನ್ ರೂಬಿನ್‌ಸ್ಟೈನ್ ಹಿಂದೆ ಆಪಲ್‌ನಲ್ಲಿ ಐಪಾಡ್ ವಿಭಾಗವನ್ನೇ ನಡೆಸಿದ್ದವರು.

ಜುಲೈ 15ರಂದು ಬಂದ ಐಟ್ಯೂನ್ಸ್ 8.2.1 ಈ ಬಾಗಿಲು ಮುಚ್ಚಿತು. ಹೆಚ್ಚುಕಡಿಮೆ ಒಂದು ವಾರದಲ್ಲೇ ಪಾಮ್ ತನ್ನ ಫೋನಿನ ತಂತ್ರಾಂಶವಾದ ವೆಬ್ಓಎಸ್ 1.1ರ ಮೂಲಕ ಅದನ್ನು ಮತ್ತೆ ತೆರೆಯಿತು. ಈ ಸಲ ಬಳಸಿದ್ದು ಆಪಲ್‌ನ ಗುರುತಿನ ಸಂಖ್ಯೆಯನ್ನೇ. ಯುಎಸ್‌ಬಿ ಸಾಧನ ತಯಾರಿಸುವ ಪ್ರತಿ ಕಂಪನಿಗೂ ಇಂಥದೊಂದು ಸಂಖ್ಯೆ ಇರುತ್ತದೆ, ಆಪಲ್‌ನದು 05ಎಸಿ. ತನಗೆ ಜೋಡಿಸಿದ ಸಾಧನ ಯಾವ ಕಂಪನಿಯದು ಎಂಬುದನ್ನು ಕಂಪ್ಯೂಟರ್ ತಿಳಿಯುವುದು ಅದರಿಂದಲೇ. ಆಪಲ್ ಈ ಸಂಖ್ಯೆಯನ್ನು ಪ್ರತಿಸ್ಪರ್ಧಿಗಳನ್ನು ಹೊರಗಿಡಲು ಬಳಸುತ್ತಿದೆ ಎಂದು ಪಾಮ್, ಸಂಖ್ಯೆಗಳನ್ನು ಹಂಚುವ ಯುಎಸ್‌ಬಿ ಸಂಸ್ಥೆಗೆ ದೂರಿತು. ಸೆಪ್ಟೆಂಬರಿನಲ್ಲಿ ಸಂಸ್ಥೆ ಕೊಟ್ಟ ಉತ್ತರ ಪಾಮ್‌ಗೇ ತಿರುಗಿತು: ಬೇರೆಯವರ ಸಂಖ್ಯೆ ಹಾಕಿಕೊಳ್ಳುವುದು ನಿಯಮಕ್ಕೆ ವಿರುದ್ಧ. ಅಷ್ಟರಲ್ಲಿ ಆಪಲ್ ಮತ್ತೆ ಮುಚ್ಚಿದ್ದ ಬಾಗಿಲನ್ನು ಅಕ್ಟೋಬರಿನಲ್ಲಿ ಪಾಮ್ ಇನ್ನೊಮ್ಮೆ ತೆರೆಯಿತು, ತಿಂಗಳ ಕೊನೆಗೆ ಐಟ್ಯೂನ್ಸ್ 9.0.2 ಇನ್ನೊಮ್ಮೆ ಮುಚ್ಚಿತು.

ಆ ಸಂಸ್ಥೆ ಹೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಸಾಧನಗಳು ತಮ್ಮ ಗುರುತನ್ನೇ ಸುಳ್ಳು ಹೇಳತೊಡಗಿದರೆ ಕಂಪ್ಯೂಟರ್ ಯಾವುದನ್ನು ನಂಬಬೇಕು? ಆದರೆ ಪಾಮ್ ತಪ್ಪಿತು ಎಂದ ಮಾತ್ರಕ್ಕೆ ಕೇಳುಗನ ಪ್ರಶ್ನೆ ಬಗೆಹರಿಯುವುದಿಲ್ಲ. ಅದೇ ವರ್ಷ ಆಪಲ್ ತಾನು ಮಾರುವ ಹಾಡುಗಳ ಮೇಲಿನ ಡಿಜಿಟಲ್ ಬೀಗ ತೆಗೆದಿತ್ತು. ದುಡ್ಡು ಕೊಟ್ಟು ಕೊಂಡ ಹಾಡನ್ನು ಬೇರೆ ಕಂಪನಿಯ ಫೋನಿನಲ್ಲೂ ಕೇಳಬಹುದಿತ್ತು. ಹೀಗೆ ಹಾಡಿಗಿಲ್ಲದ ಬೀಗ, ಹಾಡನ್ನು ಸಾಗಿಸುವ ದಾರಿಗೆ ಬಿತ್ತು. ಸ್ವಂತ ದುಡ್ಡಿನಲ್ಲಿ ಕಟ್ಟಿದ ಐಟ್ಯೂನ್ಸ್‌ನಿಂದ ಎದುರಾಳಿಯ ಫೋನಿಗೇಕೆ ಊಳಿಗ ಮಾಡಿಸಬೇಕು ಎಂದು ಆಪಲ್ ಪರವಾಗಿ ಕೇಳುವವರಿದ್ದಾರೆ. ನ್ಯಾಯವಾದ ಮಾತೇ. ಪ್ರೀಗಾಗಿ ಆಪಲ್ ಒಂದು ಸಾಲು ಕೋಡ್ ಕೂಡ ಬರೆಯಬೇಕೆಂದೇನೂ ಇರಲಿಲ್ಲ. ಆದರೆ ಊಳಿಗ ಮಾಡುವುದು ಬೇರೆ, ಕೇಳುಗ ವರ್ಷಗಟ್ಟಲೆ ಕೂತು ಜೋಡಿಸಿದ ಪ್ಲೇಲಿಸ್ಟ್‌ಗಳನ್ನು, ಹಾಡುಗಳಿಗೆ ಕೊಟ್ಟ ನಕ್ಷತ್ರಗಳನ್ನು ಅವನ ಕೈಗೇ ಕೊಡುವುದು ಬೇರೆ. ಅದು ಅವನದೇ ದುಡಿಮೆ, ಅವನದೇ ಅಭಿರುಚಿ. ಇದು ಆಗದ ಕೆಲಸವೂ ಆಗಿರಲಿಲ್ಲ: ಐಟ್ಯೂನ್ಸ್ ಆಗಲೇ ಈ ಪಟ್ಟಿಯನ್ನು ಎಕ್ಸ್ಎಂಎಲ್ ಕಡತವಾಗಿ ಕಂಪ್ಯೂಟರಿನಲ್ಲಿ ಬರೆದಿಡುತ್ತಿತ್ತು, ಬ್ಲ್ಯಾಕ್‌ಬೆರಿಯ ಸಿಂಕ್ ತಂತ್ರಾಂಶ ಯಾವ ವೇಷವನ್ನೂ ತೊಡದೆ ಐಟ್ಯೂನ್ಸ್ ಪ್ಲೇಲಿಸ್ಟ್‌ಗಳನ್ನು ಫೋನಿಗೆ ಒಯ್ಯುತ್ತಿತ್ತು. ಪಾಮ್ ಕೂಡ ತನ್ನದೇ ತಂತ್ರಾಂಶ ಬರೆದು ಈ ನೇರ ದಾರಿಯಲ್ಲಿ ಬರಬೇಕಿತ್ತು. ಹಾಗೆಯೇ ಆ ದಾರಿ ಆಪಲ್‌ನ ಮರ್ಜಿಯಾಗಿ ಉಳಿಯದೆ ಕೇಳುಗನ ಹಕ್ಕಾಗಬೇಕಿತ್ತು.

ಅಕ್ಟೋಬರಿನ ನಂತರ ಪಾಮ್ ಹಗ್ಗಜಗ್ಗಾಟ ಬಿಟ್ಟಿತು. ಪ್ರೀ ಕೊಂಡವರಿಗೆ ಪರದೆಯ ಮೇಲಿನ ಎರಡನೆಯ ಆಯ್ಕೆ ಹೇಗೂ ಇತ್ತು. ಅದನ್ನು ಒತ್ತಿ, ಹಾಡುಗಳನ್ನು ಮೌಸ್‌ನಿಂದ ಎಳೆದು ಫೋನಿಗೆ ಹಾಕಿಕೊಳ್ಳಬಹುದಿತ್ತು. ಹಾಗೆ ಎಳೆದಾಗ ಹಾಡುಗಳು ಬರುತ್ತಿದ್ದವು, ಪ್ಲೇಲಿಸ್ಟ್‌ಗಳು ಐಟ್ಯೂನ್ಸ್‌ನಲ್ಲೇ ಉಳಿಯುತ್ತಿದ್ದವು.